ಓದುಗರ ಪ್ರಶ್ನೆ: ಸಿದ್ಧಗಂಗೆಯ ಜಾತ್ರೆಗೆ ಬೆಳಗಿನ ಜಾವವೇ ಹೊರಡಿ

ಶಿವರಾತ್ರಿ ಹತ್ತಿರವಾಗುತ್ತಿದ್ದಂತೆ ಜಾತ್ರೆಯ ಬಗೆಗಿನ ಪತ್ರಗಳು ಪ್ರತಿ ವರ್ಷವೂ ಬರುತ್ತವೆ. ಈ ಬಾರಿ ಅವುಗಳ ಸಂಖ್ಯೆ ಹೆಚ್ಚಿರುವುದರಿಂದ ಬೇರೆ ವಿಷಯಗಳ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇರಿಸಿಕೊಂಡು, ಅಂಕಣವನ್ನು ಪೂರ್ತಿಯಾಗಿ ತುಮಕೂರಿನ ಸಿದ್ಧಗಂಗೆ ಜಾತ್ರೆಗೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮದು ತಿಪಟೂರು ಕಡೆಯ ಮನೆತನ, ಈಗ ಬೆಂಗಳೂರಿನಲ್ಲಿ ನೆಲೆಸಿದ್ದೇವೆ. ಕಳೆದ ವರ್ಷ ಇಬ್ಬರು ಮಕ್ಕಳನ್ನೂ ಎಪ್ಪತ್ತು ದಾಟಿದ ನಮ್ಮ ಅತ್ತೆಯವರನ್ನೂ ಕರೆದುಕೊಂಡು ರಥೋತ್ಸವದ ದಿನ ಮಧ್ಯಾಹ್ನ ಸಿದ್ಧಗಂಗೆಗೆ ಹೋಗಿದ್ದೆವು. ನೂಕುನುಗ್ಗಲಿನಲ್ಲಿ ತೇರಿನ ಕಳಸ ಮಾತ್ರ ಕಣ್ಣಿಗೆ ಬಿತ್ತು. ಮಕ್ಕಳು ಜೈಂಟ್ ವೀಲ್ ಹತ್ತಿದರು, ಗೋಬಿ ಮಂಚೂರಿ ತಿಂದರು, ಪ್ಲಾಸ್ಟಿಕ್ ಬಂದೂಕು ಕೊಡಿಸಿಕೊಂಡರು. ಅತ್ತೆಯವರು ಮಾತ್ರ, ತಾವು ಹುಡುಗಿಯಾಗಿದ್ದಾಗ ನೋಡಿದ ಜಾತ್ರೆ ಇದಲ್ಲ ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದರು. ಈ ಸಲ ಒಂದು ಇಡೀ ದಿನ ಕೈಯಲ್ಲಿದೆ. ಏನು ನೋಡಬೇಕು, ಏನು ತಿನ್ನಬೇಕು, ಎಲ್ಲಿಂದ ಆರಂಭಿಸಬೇಕು?
— ಗೃಹಿಣಿ, ಬೆಂಗಳೂರು

ಉತ್ತರ: ತಮ್ಮ ಅತ್ತೆಯವರು ನೋಡಿದ ಜಾತ್ರೆ ಎಲ್ಲಿಗೂ ಹೋಗಿಲ್ಲ. ಅದು ಬೆಳಿಗ್ಗೆ ಆರರಿಂದ ಹತ್ತರೊಳಗೆ, ದನ ಕಟ್ಟಿದ ಬಯಲಿನಲ್ಲಿ ನಡೆಯುತ್ತದೆ. ತಾವು ತಲುಪುವ ಹೊತ್ತಿಗೆ ಆ ದಿನದ ಜಾತ್ರೆಯ ಮುಖ್ಯ ಭಾಗ ಮುಗಿದು, ಅಂಗಡಿ ಬೀದಿ ಮಾತ್ರ ಉಳಿದಿತ್ತು. ಆದ್ದರಿಂದ ನನ್ನ ಮೊದಲ ಸಲಹೆ ದಿನದ ಆಯ್ಕೆಗೆ ಸಂಬಂಧಿಸಿದ್ದು. ಶಿವರಾತ್ರಿಯ ಮರುದಿನ ನಡೆಯುವ ರಥೋತ್ಸವಕ್ಕೆ ಹೋಗುವುದು ಭಕ್ತಿಯ ವಿಷಯ, ಅದನ್ನು ಬೇಡವೆನ್ನುವುದಿಲ್ಲ. ಆದರೆ ವಯಸ್ಸಾದವರೊಂದಿಗೆ ನಿಧಾನವಾಗಿ ಸುತ್ತಾಡಿ, ನೋಡಿ, ತಿಂದು ಬರಬೇಕೆಂದಿದ್ದರೆ ಶಿವರಾತ್ರಿಗೆ ಮೂರು ನಾಲ್ಕು ದಿನ ಮುಂಚೆ ಹೋಗುವುದು ಒಳ್ಳೆಯದು. ಆಗ ದನಗಳ ಜಾತ್ರೆ ಭರ್ತಿಯಾಗಿ ಕೂಡಿರುತ್ತದೆ. ವ್ಯಾಪಾರ ಕುದುರಿದಂತೆಲ್ಲ ರೈತರು ಜೋಡಿಗಳನ್ನು ಬಿಚ್ಚಿಕೊಂಡು ಊರಿಗೆ ಹೊರಡುವುದರಿಂದ, ತೇರಿನ ಹೊತ್ತಿಗೆ ಬಯಲು ಬರಿದಾಗುತ್ತಾ ಬಂದಿರುತ್ತದೆ.

ಬೆಂಗಳೂರಿನಿಂದ ಸಿದ್ಧಗಂಗೆಯ ಪಕ್ಕದ ಊರಾದ ಕ್ಯಾತ್ಸಂದ್ರ ಅರವತ್ತು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ದೂರವಷ್ಟೇ. ಬೆಂಗಳೂರು–ತುಮಕೂರು ರೈಲು ಮಾರ್ಗದಲ್ಲಿ ಕ್ಯಾತ್ಸಂದ್ರಕ್ಕೇ ಒಂದು ನಿಲ್ದಾಣವೂ ಇದೆ. ಐದು ಗಂಟೆಗೆ ಮನೆ ಬಿಟ್ಟರೆ ಬಿಸಿಲು ಏರುವ ಮುನ್ನ ಬಯಲಿನಲ್ಲಿರಬಹುದು. ಮಕ್ಕಳು ನಿದ್ದೆಗಣ್ಣಿನಲ್ಲಿ ಗೊಣಗಿದರೂ ಎಬ್ಬಿಸಿ ಕರೆತನ್ನಿ.

ಆ ಬಯಲಿನಲ್ಲಿ ಕಾಣುವ ದನಗಳಲ್ಲಿ ಹೆಚ್ಚಿನವು ನಮ್ಮದೇ ಸೀಮೆಯ ಹಳ್ಳಿಕಾರ್ ತಳಿಯವು. ತುಮಕೂರು, ಮಂಡ್ಯ, ಹಾಸನ, ಮೈಸೂರು, ಬೆಂಗಳೂರು ಸುತ್ತಿನ ಜಿಲ್ಲೆಗಳು ಈ ತಳಿಯ ತವರು. ಹತ್ತಿರ ನಿಂತು ನೋಡಿದರೆ ಗುರುತು ಹಿಡಿಯುವುದು ಕಷ್ಟವಲ್ಲ. ಬೂದು ಬಣ್ಣದ ಮೈ, ಭುಜದ ಬಳಿ ಮತ್ತು ತೊಡೆಯ ಬಳಿ ಕಪ್ಪೇರಿದ ನೆರಳು, ಉದ್ದನೆಯ ಮುಖ, ನೆತ್ತಿಯ ಮೇಲೆ ಒಂದಕ್ಕೊಂದು ತೀರ ಸಮೀಪದಲ್ಲಿ ಹುಟ್ಟಿ ಹಿಂದಕ್ಕೆ ಬಾಗಿ ಮತ್ತೆ ತುದಿಯಲ್ಲಿ ಮುಂದಕ್ಕೆ ಹೊರಳುವ ನೀಳ ಕೊಂಬುಗಳು. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯಲ್ಲಿ ಬೆಳೆದು, ಟಿಪ್ಪುವಿನ ಕಾಲದಲ್ಲಿ ಹೊಸ ಹೆಸರು ಪಡೆದ ಅಮೃತಮಹಲ್ ತಳಿಯೂ ಇದೇ ಬಳಗಕ್ಕೆ ಸೇರಿದ್ದು. ಒಳ್ಳೆಯ ಜೋಡಿಯೆಂದರೆ ಎತ್ತರ, ಬಣ್ಣ, ಕೊಂಬಿನ ಬಾಗು, ನಡಿಗೆ ಇಷ್ಟರಲ್ಲಿಯೂ ಒಂದನ್ನು ಮುಚ್ಚಿ ಇನ್ನೊಂದನ್ನು ತೋರಿಸಬಹುದಾದ ಹಾಗಿರಬೇಕು. ಅಂಥ ಜೋಡಿಗೆ ಮನೆಯವರು ಬೇರೆಯೇ ಚಪ್ಪರ ಹಾಕಿ, ಹೂವಿನ ಅಲಂಕಾರ ಮಾಡಿ, ಕೊಂಬಿನ ತುದಿಗೆ ಹಿತ್ತಾಳೆಯ ಅಣಸು ತೊಡಿಸಿ, ಮೈಮೇಲೆ ಜೂಲು ಹೊದಿಸಿ, ರಾತ್ರಿಯೆಲ್ಲ ಪಕ್ಕದಲ್ಲೇ ಮಲಗಿರುತ್ತಾರೆ. ಬೆಳಿಗ್ಗೆ ಎದ್ದವರೇ ಮೊದಲು ಮಾಡುವ ಕೆಲಸ ಹುಲ್ಲು ಹಾಕುವುದು, ಮೈ ಉಜ್ಜುವುದು. ತಮ್ಮ ಮುಖ ತೊಳೆದುಕೊಳ್ಳುವುದು ಆಮೇಲೆ.

ಮಕ್ಕಳಿಗೆ ಒಂದು ವಿಷಯವನ್ನು ತಪ್ಪದೆ ತೋರಿಸಿ. ಕೊಳ್ಳುವವರು ಹೋರಿಯ ಕೆಳತುಟಿಯನ್ನು ಹೆಬ್ಬೆರಳಿನಿಂದ ಕೆಳಗೆ ಒತ್ತಿ ಹಲ್ಲು ಎಣಿಸುತ್ತಾರೆ. ದನಗಳಿಗೆ ಮೇಲಿನ ದವಡೆಯ ಮುಂಭಾಗದಲ್ಲಿ ಹಲ್ಲೇ ಇರುವುದಿಲ್ಲ, ಕೆಳಗಿನ ಎಂಟು ಬಾಚಿಹಲ್ಲುಗಳಿಂದಲೇ ವಯಸ್ಸು ತಿಳಿಯಬೇಕು. ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಬರುವುದು ಎರಡೆರಡಾಗಿ. ಎರಡು ಹಲ್ಲೆಂದರೆ ಸುಮಾರು ಎರಡೂವರೆ ವರ್ಷ, ನಾಲ್ಕು ಹಲ್ಲೆಂದರೆ ಮೂರು ಮೂರೂವರೆ, ಆರು ಹಲ್ಲೆಂದರೆ ನಾಲ್ಕರ ಆಸುಪಾಸು, ಎಂಟೂ ಬಂದರೆ ‘ಬಾಯಿ ಕೂಡಿದೆ’ ಎನ್ನುತ್ತಾರೆ. ಹಲ್ಲಿನ ನಂತರ ಮೈಮೇಲಿನ ಕೂದಲಿನ ಸುಳಿ ನೋಡುತ್ತಾರೆ, ಆಮೇಲೆ ನಾಲ್ಕು ಹೆಜ್ಜೆ ನಡೆಸಿ ಗೊರಸು ಹೇಗೆ ಊರುತ್ತದೆಂದು ನೋಡುತ್ತಾರೆ. ಸುಳಿಯ ಶುಭಾಶುಭದಲ್ಲಿ ನನಗೆ ನಂಬಿಕೆಯಿಲ್ಲ, ಆದರೆ ಹಲ್ಲು ಮತ್ತು ನಡಿಗೆಯ ಪರೀಕ್ಷೆಯ ಹಿಂದಿರುವ ತಿಳಿವಳಿಕೆ ತಲೆತಲಾಂತರದ್ದು. ಪುಸ್ತಕದಲ್ಲಿ ಓದಿದರೆ ಅರ್ಧ ಮಾತ್ರ ತಿಳಿಯುವಂಥದ್ದು. ದನದ ಹಿಂದೆ ನಿಲ್ಲಬಾರದು, ಒಡೆಯನನ್ನು ಕೇಳದೆ ಮುಟ್ಟಬಾರದು, ಮುಖದ ಹತ್ತಿರ ಮೊಬೈಲಿನ ಬೆಳಕು ಹಾಯಿಸಬಾರದು ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿರಿ. ಕೇಳಿದರೆ ‘ಬನ್ನಿ, ಮುಟ್ಟಿ ನೋಡಿ ಮಗ’ ಎಂದು ಪ್ರೀತಿಯಿಂದ ಕರೆಯುವವರೇ ಹೆಚ್ಚು.

ಈಗ ತಿಂಡಿಯ ಮಾತು. ಎಂಟೂವರೆಯ ಹೊತ್ತಿಗೆ ಕ್ಯಾತ್ಸಂದ್ರಕ್ಕೆ ಬಂದು ತಟ್ಟೆ ಇಡ್ಲಿ ತಿನ್ನದೆ ಹೋದರೆ ದಿನ ಪೂರ್ಣವಾಗುವುದಿಲ್ಲ. ಗುಳಿಗಳಿರುವ ಅಚ್ಚಿನಲ್ಲಲ್ಲದೆ, ಅಂಚು ಎತ್ತರಿಸಿದ ಚಪ್ಪಟೆ ತಟ್ಟೆಗಳಲ್ಲಿ ಹಿಟ್ಟು ಹೊಯ್ದು, ಆ ತಟ್ಟೆಗಳನ್ನು ಒಂದರ ಮೇಲೊಂದು ಸ್ಟ್ಯಾಂಡಿಗೆ ಏರಿಸಿ ಹಬೆಯಲ್ಲಿ ಬೇಯಿಸುತ್ತಾರೆ. ಅಕ್ಕಿ ಉದ್ದಿನ ಜೊತೆ ಸಬ್ಬಕ್ಕಿಯನ್ನೋ ಅವಲಕ್ಕಿಯನ್ನೋ ಸೇರಿಸಿ ರುಬ್ಬುವುದರಿಂದ ಇಡ್ಲಿ ಅಂಗೈಯಗಲ ಇದ್ದರೂ ಹತ್ತಿಯಂತೆ ಇರುತ್ತದೆ. ಮುಚ್ಚಳ ತೆಗೆದಾಗ ಹಬೆ ಮುಖಕ್ಕೆ ಬಡಿಯುವಷ್ಟು ಹತ್ತಿರದ ಮೇಜು ಸಿಕ್ಕಿದರೆ ಅಲ್ಲೇ ಕೂತುಕೊಳ್ಳಿ. ಬಿಸಿ ಇಡ್ಲಿಯ ಮೇಲೆ ಇಟ್ಟ ಬೆಣ್ಣೆಯ ಉಂಡೆ ಕರಗಿ ಅಂಚಿಗೆ ಹರಿಯುವ ಮುನ್ನ ಚಟ್ನಿಯೊಂದಿಗೆ ಮೊದಲ ತುತ್ತು ತಿನ್ನಬೇಕು. ಅತ್ತೆಯವರಿಗೆ ಒಂದೇ ಇಡ್ಲಿ ಸಾಕಾಗಬಹುದು. ಮಕ್ಕಳಿಗೂ ಎರಡಕ್ಕಿಂತ ಹೆಚ್ಚು ಬೇಡ, ಏಕೆಂದರೆ ದಿನವಿನ್ನೂ ಉದ್ದವಿದೆ.

ತಿಂಡಿಯ ನಂತರ ಬೆಟ್ಟ. ಗೋಸಲ ಸಿದ್ಧೇಶ್ವರರು ಬಾಯಾರಿದವರಿಗಾಗಿ ಬಂಡೆಯಿಂದ ನೀರು ತರಿಸಿದರೆಂಬ ನಂಬಿಕೆಯಿಂದಲೇ ಈ ಕ್ಷೇತ್ರಕ್ಕೆ ಸಿದ್ಧಗಂಗೆಯೆಂಬ ಹೆಸರು ಬಂದಿತು. ಬೆಟ್ಟದ ಮೇಲೆ ಸಿದ್ಧಲಿಂಗೇಶ್ವರ ದೇವಾಲಯವೂ ಗುಹೆಯಲ್ಲಿ ಗಂಗೆಯ ನೀರೂ ಇವೆ. ಮಂಡಿನೋವಿರುವವರನ್ನು ಮೆಟ್ಟಿಲು ಹತ್ತಿಸುವುದು ಬೇಡ, ಅವರು ಕೆಳಗೆ ಶಿವಕುಮಾರ ಸ್ವಾಮೀಜಿಯವರ ಗದ್ದುಗೆಯ ದರ್ಶನ ಮಾಡಿಕೊಂಡು ನೆರಳಿನಲ್ಲಿ ಕುಳಿತಿರಲಿ.

ಬಿಸಿಲೇರಿದ ಮೇಲೆ ವಸ್ತುಪ್ರದರ್ಶನದೊಳಗೆ ಹೋಗಿ. ದಶಕಗಳಿಂದ ಜಾತ್ರೆಯ ಜೊತೆಯಲ್ಲಿಯೇ ನಡೆದುಬಂದಿರುವ ಈ ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನವನ್ನು ಅನೇಕರು ಅಂಗಡಿಗಳ ಸಾಲೆಂದು ತಿಳಿದು ಬೇಗ ದಾಟಿಬಿಡುತ್ತಾರೆ. ಕೃಷಿ, ತೋಟಗಾರಿಕೆ, ರೇಷ್ಮೆ, ಪಶುಸಂಗೋಪನೆ ಇಲಾಖೆಗಳ ಮಳಿಗೆಗಳಲ್ಲಿ ನಿಂತು ಒಂದೆರಡು ಪ್ರಶ್ನೆ ಕೇಳುವವರು ಕಡಿಮೆ, ಆದ್ದರಿಂದ ಕೇಳಿದವರಿಗೆ ಅಲ್ಲಿನ ಸಿಬ್ಬಂದಿ ಸಾವಧಾನವಾಗಿ ವಿವರಿಸುತ್ತಾರೆ. ರಾಗಿಯ ತೆನೆ ಬೇರೆ, ಸಾಮೆಯ ತೆನೆ ಬೇರೆ, ನವಣೆ ಬೇರೆ ಎಂಬುದನ್ನು ಕೈಯಲ್ಲಿ ಹಿಡಿದು ನೋಡಿದ ಮಗು ಮರೆಯುವುದಿಲ್ಲ.

ಮಧ್ಯಾಹ್ನದ ಊಟ ದಾಸೋಹದಲ್ಲಿ. ಅದರ ಬಗ್ಗೆ ಇನ್ನೊಂದು ಪತ್ರಕ್ಕೆ ಕೆಳಗೆ ಉತ್ತರಿಸಿದ್ದೇನೆ.

ಊಟವಾದ ಮೇಲೆ ಎರಡು ಗಂಟೆಯಾದರೂ ಮರದ ನೆರಳಿನಲ್ಲಿ ಚಾಪೆ ಹಾಸಿ ವಿಶ್ರಾಂತಿ ತೆಗೆದುಕೊಳ್ಳಬೇಕು. ಜಾತ್ರೆಯಲ್ಲಿ ಬಳಲುವವರೆಲ್ಲ ಈ ಎರಡು ಗಂಟೆಯನ್ನು ಬಿಸಿಲಿನಲ್ಲಿ ಕಳೆದವರು. ನಾಲ್ಕೂವರೆಗೆ ಎದ್ದು ಅಂಗಡಿ ಬೀದಿಗೆ ಹೋದರೆ, ಆಗ ಕಡ್ಲೆಪುರಿ, ಬೆಂಡು ಬತ್ತಾಸು, ಖಾರಾಸೇವೆ, ಕಲ್ಯಾಣಸೇವೆಯ ರಾಶಿಗಳ ಮೇಲೆ ಸಂಜೆಯ ಬಿಸಿಲು ಬಿದ್ದಿರುತ್ತದೆ. ಕಣ್ಣೆದುರಿಗೇ ಕರಿಯುತ್ತಿರುವ ಮೆಣಸಿನಕಾಯಿ ಬಜ್ಜಿಯನ್ನು ಬಿಸಿಯಾಗಿಯೇ ತಿನ್ನಿ, ಕರಿದು ರಾಶಿ ಹಾಕಿಟ್ಟದ್ದು ಬೇಡ. ನೀರಡಿಕೆಗೆ ಎಳನೀರಿಗಿಂತ ನಂಬಿಕಸ್ತವಾದದ್ದು ಬೇರೊಂದಿಲ್ಲ, ತೆಂಗಿನ ಸೀಮೆಯವರಾದ ತಮಗೆ ಅದನ್ನು ಹೇಳಬೇಕಾಗಿಲ್ಲ. ಐಸು ಹಾಕಿದ ಕಬ್ಬಿನ ಹಾಲಿನ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ಒಂದು ವರ್ಷ ಇದೇ ಜಾತ್ರೆಯಲ್ಲಿ ಬಾಯಾರಿಕೆ ತಡೆಯಲಾರದೆ ಎರಡು ಲೋಟ ಕುಡಿದು, ಮೂರು ದಿನ ಹಾಸಿಗೆ ಹಿಡಿದವನು ನಾನು. ಕಬ್ಬಿನದೇನೂ ತಪ್ಪಿರಲಿಲ್ಲ, ಎಲ್ಲಿಯದೋ ನೀರಿನ ಐಸು ಕೆಟ್ಟದ್ದಾಗಿತ್ತು. ಐಸು ಬೇಡವೆಂದರೆ ಅಂಗಡಿಯವರು ಹಾಗೆಯೇ ಹಿಂಡಿ ಕೊಡುತ್ತಾರೆ.

ಗೋಬಿ ಮಂಚೂರಿಯ ಪ್ರಸ್ತಾಪ ತಮ್ಮ ಪತ್ರದಲ್ಲಿಯೇ ಇದೆ. ರೊಡಮಿನ್-ಬಿ ಎಂಬ, ಬಟ್ಟೆಗೆ ಬಳಸುವ ಬಣ್ಣ ಆಹಾರದಲ್ಲಿ ಸಿಕ್ಕಿದ್ದರಿಂದ ರಾಜ್ಯ ಸರ್ಕಾರವು 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಕೆಂಡದಂತೆ ಕೆಂಪಗಿರುವ ಗೋಬಿಯನ್ನೂ ಕಡುಗುಲಾಬಿ ಬಣ್ಣದ ಮಿಠಾಯಿಯನ್ನೂ ಮಕ್ಕಳು ಎಷ್ಟೇ ಹಟ ಮಾಡಿದರೂ ಕೊಡಿಸಬೇಡಿ. ಬಿಳಿಯ ಬಾಂಬೆ ಮಿಠಾಯಿ ಸಿಕ್ಕಿದರೆ ಸಂತೋಷವಾಗಿ ಕೊಡಿಸಿ. ಜೈಂಟ್ ವೀಲನ್ನು ಕೊನೆಗೆ ಇಟ್ಟುಕೊಳ್ಳಿ, ದೀಪ ಹತ್ತಿದ ಮೇಲೆ ಅದರ ಮೇಲಿನಿಂದ ಇಡೀ ಜಾತ್ರೆ ಕಾಣುತ್ತದೆ.

ಪ್ರಶ್ನೆ: ದನದ ಜಾತ್ರೆಯಲ್ಲಿ ಇಬ್ಬರು ಟವೆಲ್ಲಿನ ಕೆಳಗೆ ಕೈ ಇಟ್ಟು ಮಾತಿಲ್ಲದೆ ವ್ಯಾಪಾರ ಮಾಡುವುದನ್ನು ನೋಡಿದೆ. ಅದು ಏನು, ಏಕೆ ಮುಚ್ಚಿಡಬೇಕು?
— ಪದವಿ ವಿದ್ಯಾರ್ಥಿ, ಸಿರಾ

ಉತ್ತರ: ಅದು ಬೆರಳಿನ ಲೆಕ್ಕ. ಮಾರುವವನೂ ಕೊಳ್ಳುವವನೂ, ಅಥವಾ ಅವರ ಪರವಾಗಿ ದಲ್ಲಾಳಿಯೂ, ಕೈ ಹಿಡಿದು ಮೇಲೆ ಟವೆಲ್ ಹೊದಿಸುತ್ತಾರೆ. ಎಷ್ಟು ಬೆರಳು ಹಿಡಿದರೋ ಅಷ್ಟು ಸಾವಿರ ಅಥವಾ ಅಷ್ಟು ಹತ್ತು ಸಾವಿರವೆಂದು ಮೊದಲೇ ಒಪ್ಪಿಕೊಂಡಿರುತ್ತಾರೆ. ಇದರ ಸೂಕ್ಷ್ಮ ಸಂಜ್ಞೆಗಳು ಊರಿಂದೂರಿಗೆ ಬೇರೆಯಾಗಿರುತ್ತವೆ. ಒಪ್ಪದಿದ್ದರೆ ಬೆರಳನ್ನು ಬಿಡಿಸಿಕೊಳ್ಳುತ್ತಾರೆ, ತಲೆಯಾಡಿಸುತ್ತಾರೆ, ಎದ್ದು ಹೋದವರಂತೆ ಎರಡು ಹೆಜ್ಜೆ ಇಡುತ್ತಾರೆ, ಮತ್ತೆ ಬಂದು ಕೈ ಕೊಡುತ್ತಾರೆ.

ಮುಚ್ಚಿಡುವುದಕ್ಕೆ ಗಟ್ಟಿಯಾದ ಕಾರಣವಿದೆ. ಬಯಲಿನಲ್ಲಿ ಸುತ್ತ ನಿಂತವರೆಲ್ಲ ಮುಂದಿನ ಗಿರಾಕಿಗಳು. ಒಬ್ಬನು ಎಪ್ಪತ್ತು ಸಾವಿರಕ್ಕೆ ಕೇಳಿ ಬಿಟ್ಟನೆಂಬುದು ಕಿವಿಗೆ ಬಿದ್ದರೆ ಮುಂದೆ ಬರುವವನು ಎಪ್ಪತ್ತರಿಂದ ಮೇಲಕ್ಕೆ ಏರುವುದಿಲ್ಲ. ಧಾರಣೆ ಗುಟ್ಟಾಗಿದ್ದರೆ ಪ್ರತಿ ಗಿರಾಕಿಯೊಂದಿಗೂ ಮಾತು ಹೊಸದಾಗಿ ಆರಂಭವಾಗುತ್ತದೆ. ಇನ್ನೊಂದು ಕಾರಣವೆಂದರೆ ಮಾನ. ಕಡಿಮೆಗೆ ಕೇಳಿದವನಿಗೂ ಕಡಿಮೆಗೆ ಮಾರಬೇಕಾಗಿ ಬಂದವನಿಗೂ ನಾಲ್ಕು ಜನರೆದುರು ತಲೆ ತಗ್ಗುವುದಿಲ್ಲ. ಸಾಲಕ್ಕಾಗಿ ಎತ್ತು ಮಾರಲು ಬಂದ ರೈತನಿಗೆ ಆ ಮೊಳದುದ್ದದ ಬಟ್ಟೆ ಎಷ್ಟು ದೊಡ್ಡ ಮರೆಯೆಂಬುದನ್ನು ಬಲ್ಲವರೇ ಬಲ್ಲರು.

ನಾನು ಹನ್ನೊಂದು ವರ್ಷದವನಿದ್ದಾಗ ನಮ್ಮ ತಂದೆಯವರು ನಾಲ್ಕು ಹಲ್ಲಿನ ಒಂದು ಜೋಡಿ ಕೊಳ್ಳಲು ಬಂದಿದ್ದರು. ವ್ಯಾಪಾರ ಕುದುರಿದ ಮೇಲೆ ಆ ವೃದ್ಧ ದಲ್ಲಾಳಿ ನನ್ನ ಕೈಯನ್ನೂ ಟವೆಲ್ಲಿನ ಕೆಳಗೆ ಎಳೆದುಕೊಂಡು, ಮೂರು ಬೆರಳನ್ನು ಅಮುಕಿ, ಕಿರುಬೆರಳನ್ನು ಅರ್ಧಕ್ಕೆ ಮಡಿಸಿ ‘ಎಷ್ಟಾಯಿತು ಹೇಳು’ ಎಂದರು. ಅವರ ಅಂಗೈ ಹಗ್ಗ ಹಿಡಿದು ಹಿಡಿದು ಮರದ ತೊಗಟೆಯಂತಾಗಿತ್ತು. ಮೂರೂವರೆ ಎಂದೆ. ಸಂಚಕಾರದ ಹಣ ಕೈ ಸೇರಿದ್ದರಿಂದ ಸಂತೋಷದಲ್ಲಿದ್ದ ಮಾರಿದ ರೈತ ನನಗೆ ಒಂದು ಪೊಟ್ಟಣ ಕಡ್ಲೆಪುರಿ ಕೊಡಿಸಿದನು. ಹಗ್ಗವನ್ನು ಮಾತ್ರ ಎತ್ತಿನ ಜೊತೆ ಕೊಡಲಿಲ್ಲ, ಹಳೆಯ ಹಗ್ಗವನ್ನು ಬಿಚ್ಚಿಕೊಂಡು ಮನೆಗೆ ಒಯ್ದನು. ಕೊಟ್ಟಿಗೆಯ ಭಾಗ್ಯ ಅದರೊಂದಿಗೆ ಉಳಿಯುತ್ತದೆಂಬುದು ಅವರ ನಂಬಿಕೆಯೆಂದು ಆಮೇಲೆ ತಂದೆಯವರು ಹೇಳಿದರು.

ಪ್ರಶ್ನೆ: ನಾವು ಅನುಕೂಲಸ್ಥರು. ಮಠದ ದಾಸೋಹದಲ್ಲಿ ಪುಕ್ಕಟೆಯಾಗಿ ಊಟ ಮಾಡುವುದು ಬಡವರ ಪಾಲನ್ನು ಕಸಿದಂತಾಗುವುದಿಲ್ಲವೇ? ಹೋಟೆಲಿನಲ್ಲಿ ತಿನ್ನುವುದೇ ಸರಿಯೆಂದು ನನ್ನ ಯಜಮಾನರು ಹೇಳುತ್ತಾರೆ.
— ನಿವೃತ್ತ ಶಿಕ್ಷಕಿ, ಕುಣಿಗಲ್

ಉತ್ತರ: ತಮ್ಮ ಯಜಮಾನರ ಸಂಕೋಚ ಒಳ್ಳೆಯ ಮನಸ್ಸಿನಿಂದ ಬಂದದ್ದು, ಆದರೆ ದಾಸೋಹವು ಅನ್ನದಾನದ ಇನ್ನೊಂದು ಹೆಸರಲ್ಲ. ದಾನದಲ್ಲಿ ಕೊಡುವವನು ಮೇಲಿರುತ್ತಾನೆ, ಪಡೆಯುವವನು ಕೆಳಗಿರುತ್ತಾನೆ. ದಾಸೋಹದಲ್ಲಿ ಬಡಿಸುವವನೇ ದಾಸ, ಬಂದವರೆಲ್ಲರೂ ಒಂದೇ ಪಂಕ್ತಿ. ಶಾಲಾ ಶುಲ್ಕ ಕಟ್ಟಲಾಗದ ಹುಡುಗನೂ ಕಾರಿನಲ್ಲಿ ಬಂದವರೂ ಅಕ್ಕಪಕ್ಕ ಕುಳಿತು ಒಂದೇ ಸಾರು ಉಣ್ಣುವುದೇ ಅದರ ಅರ್ಥ. ಉಳ್ಳವರೆಲ್ಲ ಹೋಟೆಲಿಗೆ ಹೋದರೆ ಪಂಕ್ತಿಯಲ್ಲಿ ಇಲ್ಲದವರು ಮಾತ್ರ ಉಳಿಯುತ್ತಾರೆ, ಆಗ ಅದು ನಿಜವಾಗಿಯೂ ದಾನವಾಗಿಬಿಡುತ್ತದೆ.

1930ರಲ್ಲಿ ಸನ್ಯಾಸ ಸ್ವೀಕರಿಸಿ, 2019ರ ಜನವರಿ 21ರಂದು ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾಗುವವರೆಗೆ ಡಾ. ಶಿವಕುಮಾರ ಸ್ವಾಮೀಜಿಯವರು ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ಒದಗಿಸಿದರು. ಅವರು ಲಿಂಗೈಕ್ಯರಾದ ದಿನವನ್ನು ರಾಜ್ಯ ಸರ್ಕಾರವು ದಾಸೋಹ ದಿನವೆಂದು ಘೋಷಿಸಿದೆ. ಇಲ್ಲಿನ ಅಡುಗೆಮನೆಯ ಒಲೆ ಆರಿದ್ದೇ ಇಲ್ಲವೆಂದು ಸುತ್ತಿನ ಹಳ್ಳಿಗಳಲ್ಲಿ ಇಂದಿಗೂ ಹೇಳುತ್ತಾರೆ. ಆ ಒಲೆಗೆ ಬೇಕಾದ ರಾಗಿ, ಅಕ್ಕಿ, ತರಕಾರಿಗಳನ್ನು ಭಕ್ತರಾದ ರೈತರು ತಮ್ಮ ಬೆಳೆಯಿಂದ ತಂದು ಒಪ್ಪಿಸುತ್ತಾರೆ.

ಆದ್ದರಿಂದ ನಿಸ್ಸಂಕೋಚವಾಗಿ ಹೋಗಿ ಪಂಕ್ತಿಯಲ್ಲಿ ಕುಳಿತು ಊಟ ಮಾಡಿ. ಬೇಕಾದಷ್ಟನ್ನೇ ಹಾಕಿಸಿಕೊಳ್ಳಿ, ತಟ್ಟೆಯಲ್ಲಿ ಒಂದಗುಳೂ ಬಿಡಬೇಡಿ, ಕೈಲಾದದ್ದನ್ನು ಕಾಣಿಕೆಯಾಗಿ ಅರ್ಪಿಸಿ. ಮನೆಯಿಂದ ಐದು ಸೇರು ರಾಗಿಯನ್ನೋ ಒಂದು ಚೀಲ ತರಕಾರಿಯನ್ನೋ ಒಯ್ದು ಕೊಟ್ಟರೆ ಇನ್ನೂ ಒಳ್ಳೆಯದು. ಶಿವರಾತ್ರಿಯ ದಿನವೇ ಹೋಗುವುದಾದರೆ, ಉಪವಾಸವಿರುವ ಹಿರಿಯರಿಗಾಗಿ ಮನೆಯಲ್ಲಿ ಮಾಡಿದ ತಂಬಿಟ್ಟನ್ನು ಡಬ್ಬಿಯಲ್ಲಿ ಹಾಕಿಕೊಂಡು ಹೋಗಿರಿ. ಹುರಿಗಡಲೆ, ಬೆಲ್ಲ, ಕೊಬ್ಬರಿಯ ಆ ಎರಡು ಉಂಡೆಗಳು ಸಂಜೆಯವರೆಗೆ ಶಕ್ತಿ ಕೊಡುತ್ತವೆ.

ಪ್ರಶ್ನೆ: ಹೋದ ವರ್ಷ ಜಾತ್ರೆಯಲ್ಲಿ ಒಬ್ಬರ ಬಳಿ ‘ಕೆಂಪು ಹಲಸು’ ಎಂದು ನಾಲ್ಕು ಸಸಿ ಕೊಂಡೆ. ನಮ್ಮೂರಿನ ನರ್ಸರಿಯವರು ಅವು ಬೀಜದ ಸಸಿಗಳೆಂದರು. ಮತ್ತೆ ಮೋಸ ಹೋಗದಿರಲು ಏನು ಮಾಡಬೇಕು?
— ರೈತ, ಗುಬ್ಬಿ ತಾಲ್ಲೂಕು

ಉತ್ತರ: ತಾವು ಗುಬ್ಬಿಯವರೇ ಆಗಿ ಈ ಪ್ರಶ್ನೆ ಕೇಳಬೇಕಾಗಿ ಬಂದದ್ದಕ್ಕೆ ನನಗೆ ಬಹಳ ಬೇಸರವಾಯಿತು. ತಾಮ್ರಗೆಂಪು ತೊಳೆಯ ‘ಸಿದ್ದು’ ಹಲಸು ತಮ್ಮ ತಾಲ್ಲೂಕಿನ ಚೇಳೂರಿನ ತೋಟದಲ್ಲಿದ್ದ ಒಂದೇ ಮರದ ಸಂತತಿ. ಹಿರೇಹಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಅದನ್ನು ಗುರುತಿಸಿ, ಮರ ಉಳಿಸಿಕೊಂಡ ಕುಟುಂಬದ ಹಿರಿಯರ ಹೆಸರನ್ನೇ ತಳಿಗೆ ಇಟ್ಟರು. ಹಣ್ಣು ಸರಾಸರಿ ಎರಡೂವರೆ ಕಿಲೋ ಆಸುಪಾಸಿನದು, ಒಂದು ಸಣ್ಣ ಸಂಸಾರಕ್ಕೆ ಒಂದು ಹೊತ್ತಿಗೆ ಸರಿಹೋಗುವಂಥದ್ದು.

ಹಲಸು ಪರಕೀಯ ಪರಾಗಸ್ಪರ್ಶದ ಮರವಾದ್ದರಿಂದ ಬೀಜದಿಂದ ಹುಟ್ಟಿದ ಗಿಡ ತಾಯಿಯ ಗುಣವನ್ನು ಹಾಗೆಯೇ ಪಡೆಯುವುದಿಲ್ಲ. ಸಸಿಯ ಬುಡದಿಂದ ಗೇಣುದ್ದದೊಳಗೆ ಕಸಿ ಕಟ್ಟಿದ ಗಂಟು ಸ್ಪಷ್ಟವಾಗಿ ಕಾಣಬೇಕು, ಗಂಟಿನ ಮೇಲಿನ ಚಿಗುರು ಬೆಳೆದಿರಬೇಕು. ಕೆಳಗಿನಿಂದ ಹೊಡೆದ ಚಿಗುರಾದರೆ ಅದು ಬೇರುಗಿಡದ್ದು. ಜಾತ್ರೆಯಲ್ಲಿ ಇಲಾಖೆಯ ಅಥವಾ ಸಂಶೋಧನಾ ಕೇಂದ್ರದ ಮಳಿಗೆಯಿದ್ದರೆ ಅಲ್ಲಿಯೇ ಕೊಳ್ಳಿ, ರಸೀದಿ ಪಡೆಯಿರಿ. ಇಲ್ಲವಾದರೆ ಹಿರೇಹಳ್ಳಿ ತುಮಕೂರಿನ ಪಕ್ಕದಲ್ಲಿಯೇ ಇದೆ, ಜಾತ್ರೆಗೆ ಬಂದ ದಿನವೇ ಅಲ್ಲಿಗೂ ಹೋಗಿ ವಿಚಾರಿಸಬಹುದು. ಶಿವರಾತ್ರಿಯ ಬಿಸಿಲಿಗೆ ಸಸಿ ನೆಡಬೇಡಿ. ನೆರಳಿನಲ್ಲಿ ನೀರು ಹನಿಸಿಕೊಂಡು ಇಟ್ಟುಕೊಂಡು, ಮುಂಗಾರು ಹಿಡಿದ ಮೇಲೆ ಗುಂಡಿಗೆ ಇಳಿಸಿ. ಬೀಜದ ಆ ನಾಲ್ಕು ಸಸಿಗಳನ್ನೂ ಕೀಳಬೇಡಿ, ಅವುಗಳ ಮೇಲೆಯೇ ಮುಂದೆ ಒಳ್ಳೆಯ ಕಡ್ಡಿ ತಂದು ಕಸಿ ಕಟ್ಟಿಸಬಹುದು.

ಪ್ರಶ್ನೆ: ಪ್ರತಿ ಸಲವೂ ತುಮಕೂರಿನ ಜಾತ್ರೆಯನ್ನೇ ಬರೆಯುತ್ತೀರಿ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದವರು ಅಷ್ಟು ದೂರ ಏಕೆ ಬರಬೇಕು?
— ಓದುಗರು, ಮುಳಬಾಗಿಲು

ಉತ್ತರ: ಬರಲೇಬೇಕೆಂದಿಲ್ಲ. ಶಿವರಾತ್ರಿಯ ಹೊತ್ತಿಗೆ ತಮ್ಮ ತಾಲ್ಲೂಕಿನ ಆವಣಿಯಲ್ಲಿಯೇ ದನಗಳ ಜಾತ್ರೆ ಸೇರುತ್ತದೆ. ನೊಳಂಬರ ಕಾಲದ ರಾಮಲಿಂಗೇಶ್ವರ ದೇವಾಲಯಗಳ ಸಮೂಹವೂ, ಲವಕುಶರು ಹುಟ್ಟಿದ ಸ್ಥಳವೆಂದು ಜನ ನಂಬುವ ಬೆಟ್ಟವೂ ಅಲ್ಲಿವೆ. ಚಿಕ್ಕಬಳ್ಳಾಪುರದವರಿಗೆ ನಂದಿಯ ತಪ್ಪಲಿನ ಭೋಗನಂದೀಶ್ವರನ ಜೋಡಿ ರಥಗಳಿವೆ. ಅಲ್ಲಿಯ ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತು ಹುರಿದ ಕಡಲೆಕಾಯಿ ಬಿಡಿಸುತ್ತಾ ಬೆಳಗಿನ ಒಂದು ಗಂಟೆ ಕಳೆದದ್ದು ನನಗೆ ಇನ್ನೂ ನೆನಪಿದೆ. ಆವಣಿಗೂ ಬೆಳಿಗ್ಗೆ ಆರಕ್ಕೇ ಹೋಗಿ, ಮೊದಲು ದನ ಕಟ್ಟಿದ ಬಯಲಿಗೆ ನಡೆಯಿರಿ. ಅಲ್ಲಿ ಕಂಡದ್ದನ್ನೂ ತಿಂದದ್ದನ್ನೂ ವಿವರವಾಗಿ ಬರೆದು ಕಳುಹಿಸಿದರೆ ಮುಂದಿನ ವರ್ಷದ ಶಿವರಾತ್ರಿ ಸಂಚಿಕೆಯಲ್ಲಿ ಆ ಪತ್ರಕ್ಕೇ ಮೊದಲ ಸ್ಥಾನ ಕೊಡುತ್ತೇನೆ.